ಎಫ್‌ಐಆರ್‌ನಲ್ಲಿ ಸತ್ತವನೇ ಆರೋಪಿ

ಪೊಲೀಸರ ಗುಂಡಿಗೆ ಒಬ್ಬರು ಬಲಿಯಾದರು ಎಂಬ ಸುದ್ದಿ ಬಂದಾಗೆಲ್ಲ ನಾನು ಮೊದಲು ಕೇಳುವುದು ಒಂದೇ ಮಾತು: ಎಫ್‌ಐಆರ್ ಯಾರ ಮೇಲೆ ಹಾಕಿದ್ದಾರೆ? ತರೀಕೆರೆ ಕೋರ್ಟಿನಲ್ಲಿ ಕ್ರಿಮಿನಲ್ ಕೇಸುಗಳನ್ನು ನಡೆಸುತ್ತ ತಲೆ ಹಣ್ಣಾದವಳು ನಾನು. ಅಡಿಕೆ ಕಳವಿರಲಿ, ನಾಲೆ ನೀರಿನ ಹೊಡೆದಾಟವಿರಲಿ, ಕೊಲೆಯೇ ಇರಲಿ, ಕೇಸಿನ ಅರ್ಧ ಹಣೆಬರಹ ಎರಡು ಕಾಲಮ್ಮುಗಳಲ್ಲಿ ಮೊದಲ ದಿನವೇ ಬರೆದಾಗಿರುತ್ತದೆ. ಫಿರ್ಯಾದಿ ಯಾರು, ಆರೋಪಿ ಯಾರು ಎಂಬ ಎರಡು ಕಾಲಮ್ಮು.

ಎನ್‌ಕೌಂಟರ್ ಆದ ಮೇಲೆ ಸಾಮಾನ್ಯವಾಗಿ ಆ ಕಾಲಮ್ಮುಗಳು ಹೀಗಿರುತ್ತವೆ. ಫಿರ್ಯಾದಿ: ಗುಂಡು ಹಾರಿಸಿದ ತಂಡದ ಅಧಿಕಾರಿ. ಆರೋಪಿ: ಗುಂಡೇಟು ತಿಂದು ಶವಾಗಾರದಲ್ಲಿ ಮಲಗಿರುವವನು. ಅಪರಾಧ: ಪೊಲೀಸರ ಕೊಲೆಗೆ ಯತ್ನ, ಕರ್ತವ್ಯಕ್ಕೆ ಅಡ್ಡಿ, ಜೊತೆಗೆ ಶಸ್ತ್ರಾಸ್ತ್ರ ಕಾಯಿದೆ. ಒಬ್ಬ ಮನುಷ್ಯ ಸತ್ತಿದ್ದಾನಲ್ಲ, ಆ ಸಾವು ಈ ಕಾಗದದಲ್ಲಿ ಅಪರಾಧವಾಗಿ ಎಲ್ಲೂ ಕಾಣುವುದಿಲ್ಲ. ಘಟನೆಯ ವಿವರದಲ್ಲಿ ಕೊನೆಯ ಒಂದು ಸಾಲಾಗಿ ಬಂದುಹೋಗುತ್ತದೆ.

ಇದರಿಂದ ಏನಾಗುತ್ತದೆ ಎಂಬುದು ಕೋರ್ಟಿನ ಒಳಗೆ ಓಡಾಡುವವರಿಗೆ ಗೊತ್ತು. ಆರೋಪಿ ತೀರಿಕೊಂಡಿದ್ದಾನೆ, ಹಾಗಾಗಿ ಕೇಸು ಅಬೇಟ್ ಆಗಿದೆ, ಅಂದರೆ ತಾನಾಗಿಯೇ ಮುಗಿದಿದೆ ಎಂದು ತನಿಖಾಧಿಕಾರಿ ವರದಿ ಸಲ್ಲಿಸುತ್ತಾರೆ. ವಿಚಾರಣೆಯೇ ಇಲ್ಲ. ಪೊಲೀಸರು ಆತ್ಮರಕ್ಷಣೆಗೆ ಗುಂಡು ಹಾರಿಸಿದರು ಎಂಬ ಹೇಳಿಕೆಯನ್ನು ಪಾಟೀಸವಾಲಿಗೆ ಒಡ್ಡುವ ಸಂದರ್ಭವೇ ಬರುವುದಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ನಮ್ಮಲ್ಲಿ ಕೇಸು ಮುಚ್ಚುವ ವರದಿಗೆ ಬಿ ರಿಪೋರ್ಟ್ ಅನ್ನುತ್ತಾರೆ. ಅದನ್ನು ಒಪ್ಪುವ ಮೊದಲು ಮ್ಯಾಜಿಸ್ಟ್ರೇಟರು ಫಿರ್ಯಾದಿಗೆ ನೋಟಿಸ್ ಕೊಡಲೇಬೇಕು ಎಂದು ಸುಪ್ರೀಂ ಕೋರ್ಟ್ 1985ರಲ್ಲಿ ಭಗವಂತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಸತ್ತವನ ಸಂಬಂಧಿಕರು ಫಿರ್ಯಾದಿಗಳಲ್ಲದಿದ್ದರೆ ಅವರಿಗೆ ನೋಟಿಸ್ ಕೊಡಲೇಬೇಕೆಂದಿಲ್ಲ. ಅವರಾಗಿಯೇ ಸುದ್ದಿ ತಿಳಿದು ಬಂದರೆ ಅವರ ಮಾತು ಕೇಳಬೇಕು. ಅಂದರೆ ಫಿರ್ಯಾದಿ ಪೊಲೀಸ್, ವರದಿ ಬರೆಯುವವರು ಪೊಲೀಸ್, ನೋಟಿಸ್ ತಲುಪುವುದೂ ಪೊಲೀಸರಿಗೆ. ಹಳ್ಳಿಯಲ್ಲಿ ಕೂತ ತಾಯಿಗೆ, ಮಗನ ಕೇಸು ಮುಚ್ಚಿಹೋದ ಸಂಗತಿ ತಿಳಿಯುವ ದಾರಿಯೇ ಇಲ್ಲ.

ಇದು ನನ್ನ ಊಹೆಯ ಮಾತಲ್ಲ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ತಿದ್ದುಪಡಿ ಕಾಯಿದೆಯ ವಿರುದ್ಧದ ಪ್ರತಿಭಟನೆಯ ವೇಳೆ ಪೊಲೀಸರು ಗುಂಡು ಹಾರಿಸಿ ಇಬ್ಬರು ಸತ್ತರು. ಆ ಇಬ್ಬರ ಹೆಸರೂ ಗಲಭೆಯ ಎಫ್‌ಐಆರ್‌ನಲ್ಲಿ ಆರೋಪಿಗಳ ಪಟ್ಟಿ ಸೇರಿತು. ಸರ್ಕಾರ ತಲಾ 10 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಕೆಲವೇ ದಿನಗಳಲ್ಲಿ, ತನಿಖೆ ಮುಗಿಯುವವರೆಗೆ ಕೊಡುವುದಿಲ್ಲ ಎಂದಿತು. ಬಂಧಿತರ ಜಾಮೀನು ಅರ್ಜಿ ವಿಚಾರಿಸಿದ ಹೈಕೋರ್ಟ್ ನ್ಯಾಯಮೂರ್ತಿ ಜಾನ್ ಮೈಕಲ್ ಕುನ್ಹಾ 2020ರ ಫೆಬ್ರವರಿಯಲ್ಲಿ, ಪೊಲೀಸರು ತಮ್ಮ ಅತಿರೇಕವನ್ನು ಮುಚ್ಚಲು ಅಮಾಯಕರನ್ನು ಸಿಕ್ಕಿಸಿದಂತಿದೆ ಎಂದು ಬರೆದರು. ಸತ್ತವರ ಕಡೆಯವರು ದೂರು ಕೊಟ್ಟರೂ ಪೊಲೀಸರ ಮೇಲೆ ಎಫ್‌ಐಆರ್ ಆಗದಿದ್ದುದನ್ನು ಎತ್ತಿ ಹೇಳಿದರು. ಮುಂದಿನ ತಿಂಗಳೇ ಆ ಜಾಮೀನು ಆದೇಶಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಸೆಪ್ಟೆಂಬರಿನಲ್ಲಿ ಅದೇ ಕೋರ್ಟ್ ಜಾಮೀನನ್ನೂ ಕೊಟ್ಟಿತು. ಉಡುಪಿ ಜಿಲ್ಲಾಧಿಕಾರಿ ನಡೆಸಿದ ಮ್ಯಾಜಿಸ್ಟ್ರೇಟ್ ವಿಚಾರಣೆ ಪೊಲೀಸರದು ತಪ್ಪಿಲ್ಲ ಎಂಬಲ್ಲಿಗೆ ಮುಗಿಯಿತು.

ಹಾಗಾದರೆ ಪೊಲೀಸರಿಗೆ ಕೊಲ್ಲುವ ಅಧಿಕಾರ ಇದೆಯೇ? ಪ್ರತ್ಯೇಕ ಅಧಿಕಾರ ಎಂಬುದಿಲ್ಲ. ಆತ್ಮರಕ್ಷಣೆಯ ಹಕ್ಕು ನಿಮಗೆ, ನನಗೆ ಎಷ್ಟಿದೆಯೋ ಅವರಿಗೂ ಅಷ್ಟೇ. ಅದರ ಮೇಲೆ ಬಂಧಿಸುವಾಗ ತಡೆ ಒಡ್ಡಿದವರ ಮೇಲೆ ಬಲ ಬಳಸಬಹುದು. ಆದರೆ ಮರಣದಂಡನೆ ಇಲ್ಲವೇ ಜೀವಾವಧಿ ಶಿಕ್ಷೆಯಾಗಬಹುದಾದ ಅಪರಾಧದ ಆರೋಪ ಇಲ್ಲದವನ ಜೀವ ತೆಗೆಯುವ ಹಕ್ಕನ್ನು ಬಂಧನದ ಕಾನೂನು ಕೊಡುವುದಿಲ್ಲ. ಗುಂಪು ಚದುರಿಸಲು ಬಲಪ್ರಯೋಗಕ್ಕೆ ಬೇರೆ ನಿಯಮಗಳಿವೆ; ಅಲ್ಲಿಯೂ ಎಷ್ಟು ಬೇಕೋ ಅಷ್ಟೇ. ಇಷ್ಟೇ ಕಾನೂನು. ಉಳಿದದ್ದೆಲ್ಲ ಸಿನಿಮಾ.

ಇದನ್ನು ಅತ್ಯಂತ ಸರಳವಾಗಿ ಹೇಳಿದವರು ನಮ್ಮ ಬೆಂಗಳೂರಿನವರೇ ಆದ ಎಂ.ಎನ್. ವೆಂಕಟಾಚಲಯ್ಯನವರು. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ನಿವೃತ್ತರಾಗಿ ರಾಷ್ಟ್ರೀಯ ಮಾನವ ಹಕ್ಕು ಆಯೋಗದ ಅಧ್ಯಕ್ಷರಾಗಿದ್ದಾಗ, 1997ರ ಮಾರ್ಚ್‌ನಲ್ಲಿ ಅವರು ಎಲ್ಲ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಪೊಲೀಸರ ಕೈಯಲ್ಲಿ ಆದ ಸಾವು, ಕಾನೂನಿನ ವಿನಾಯಿತಿಯೊಳಗೆ ಬರುತ್ತದೆ ಎಂದು ಸಾಬೀತಾಗುವವರೆಗೆ, ನರಹತ್ಯೆಯ ಅಪರಾಧವೇ. ವಿನಾಯಿತಿ ಇದೆಯೇ ಇಲ್ಲವೇ ಎಂಬುದು ತನಿಖೆಯಿಂದ ಗೊತ್ತಾಗಬೇಕು. ಆ ತನಿಖೆಯನ್ನು ಅದೇ ಠಾಣೆಯವರು ಮಾಡಬಾರದು. ಪತ್ರದ ತಿರುಳು ಇದು. ಆತ್ಮರಕ್ಷಣೆಗಾಗಿ ಹೊಡೆದೆ ಎನ್ನುವವನೇ ಅದನ್ನು ತೋರಿಸಿಕೊಡಬೇಕು ಎಂಬುದು ಸಾಕ್ಷ್ಯ ಕಾನೂನಿನಲ್ಲಿ ಮೊದಲಿನಿಂದಲೂ ಇದೆ. ಲಕ್ಕವಳ್ಳಿಯ ಒಬ್ಬ ಕೂಲಿಕಾರ ಕುಡುಗೋಲು ಬೀಸಿ ಒಬ್ಬನನ್ನು ಕೊಂದು, ಅವನೇ ನನ್ನ ಮೇಲೆ ಬಂದ ಸ್ವಾಮಿ ಎಂದರೆ, ಪೊಲೀಸರು ಹೌದೇನಪ್ಪಾ ಎಂದು ಮನೆಗೆ ಕಳಿಸುವುದಿಲ್ಲ. ಕೊಲೆ ಕೇಸು ಹಾಕುತ್ತಾರೆ, ಅವನು ಸೆಷನ್ಸ್ ಕೋರ್ಟಿನಲ್ಲಿ ತನ್ನ ಮಾತನ್ನು ರುಜುವಾತು ಮಾಡಿಕೊಳ್ಳಬೇಕು. ಅಂಥವರ ಪರವಾಗಿ ನಿಂತಿದ್ದೇನೆ, ಕೆಲವರು ಬಿಡುಗಡೆಯೂ ಆಗಿದ್ದಾರೆ.

2009ರ ಫೆಬ್ರವರಿಯಲ್ಲಿ ಆಂಧ್ರಪ್ರದೇಶ ಹೈಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದನ್ನೇ ತೀರ್ಪಾಗಿ ಬರೆಯಿತು: ಎನ್‌ಕೌಂಟರ್ ಸಾವಿನಲ್ಲಿ ಪೊಲೀಸರ ಮೇಲೆ ನರಹತ್ಯೆಯ ಎಫ್‌ಐಆರ್ ಆಗಬೇಕು, ಆತ್ಮರಕ್ಷಣೆಯ ವಾದವನ್ನು ಒಪ್ಪುವುದೋ ಬಿಡುವುದೋ ಕೋರ್ಟಿನಲ್ಲಿ ತೀರ್ಮಾನವಾಗಬೇಕು. ನನ್ನ ಮಟ್ಟಿಗೆ ಅದೇ ಸರಿಯಾದ ಕಾನೂನು. ಆದರೆ ಸುಪ್ರೀಂ ಕೋರ್ಟ್ ಅದಕ್ಕೆ ಬೇಗನೆ ತಡೆ ಕೊಟ್ಟಿತು. ನಂತರ, 2014ರ ಸೆಪ್ಟೆಂಬರ್ 23ರಂದು, ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಸ್ಥೆ ಮಹಾರಾಷ್ಟ್ರದ ವಿರುದ್ಧ ಹೂಡಿದ್ದ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಆರ್.ಎಂ. ಲೋಧಾ ಮತ್ತು ರೋಹಿಂಟನ್ ನಾರಿಮನ್ ಅವರ ಪೀಠ ಇಡೀ ದೇಶಕ್ಕೆ 16 ಸೂಚನೆಗಳನ್ನು ಕೊಟ್ಟಿತು. 1995ರಿಂದ 1997ರ ನಡುವೆ ಮುಂಬೈಯಲ್ಲಿ 99 ಎನ್‌ಕೌಂಟರ್‌ಗಳಲ್ಲಿ ಸುಮಾರು 135 ಜನ ಸತ್ತದ್ದು ಆ ಪ್ರಕರಣದ ಮೂಲ.

ಆ ಸೂಚನೆಗಳಲ್ಲಿ ಜನ ತಿಳಿದಿರಬೇಕಾದವು ಕೆಲವಿವೆ. ಎಫ್‌ಐಆರ್ ಆಗಲೇಬೇಕು, ತಡಮಾಡದೆ ಕೋರ್ಟಿಗೆ ಹೋಗಬೇಕು. ತನಿಖೆ ಸಿಐಡಿಯಿಂದ ಇಲ್ಲವೇ ಬೇರೆ ಠಾಣೆಯ ತಂಡದಿಂದ, ಗುಂಡು ಹಾರಿಸಿದ ತಂಡದ ಮುಖ್ಯಸ್ಥನಿಗಿಂತ ಕನಿಷ್ಠ ಒಂದು ದರ್ಜೆ ಮೇಲಿನ ಅಧಿಕಾರಿಯ ಉಸ್ತುವಾರಿಯಲ್ಲಿ ನಡೆಯಬೇಕು. ಮರಣೋತ್ತರ ಪರೀಕ್ಷೆಯನ್ನು ಇಬ್ಬರು ವೈದ್ಯರು ಮಾಡಬೇಕು, ಅದರ ವಿಡಿಯೊ ಆಗಬೇಕು. ಪೊಲೀಸರು ಬಳಸಿದ ಬಂದೂಕು ಪರೀಕ್ಷೆಗೆ ಹೋಗಬೇಕು. ಮ್ಯಾಜಿಸ್ಟ್ರೇಟ್ ವಿಚಾರಣೆ ಕಡ್ಡಾಯ. ಸತ್ತವನ ಹತ್ತಿರದ ಸಂಬಂಧಿಗೆ ಆದಷ್ಟು ಬೇಗ ತಿಳಿಸಬೇಕು. ಘಟನೆಯ ಬೆನ್ನಿಗೇ ಬಡ್ತಿ, ಶೌರ್ಯ ಪದಕ ಕೊಡಬಾರದು; ಶೌರ್ಯದ ಬಗ್ಗೆ ಅನುಮಾನವೇ ಇಲ್ಲ ಎಂದಾದ ಮೇಲಷ್ಟೇ ಶಿಫಾರಸು. ಈ ಸೂಚನೆಗಳನ್ನು ಸಂವಿಧಾನದ 141ನೇ ವಿಧಿಯ ಕೆಳಗೆ ಕಾನೂನೆಂದೇ ತಿಳಿಯಬೇಕು ಎಂದೂ ಕೋರ್ಟ್ ಹೇಳಿತು. ಆದರೆ ಎಫ್‌ಐಆರ್ ಆಗಬೇಕು ಅಂದ ಕೋರ್ಟ್, ಯಾರ ಮೇಲೆ ಎಂಬುದನ್ನು ಬಿಚ್ಚಿ ಬರೆಯಲಿಲ್ಲ. ಆ ಒಂದು ಬಿರುಕಿನಲ್ಲಿಯೇ ಹಳೆಯ ರೂಢಿ ಉಳಿದುಕೊಂಡಿದೆ.

ಮಲೆನಾಡಿನವರಿಗೆ ಇದು ದೂರದ ಚರ್ಚೆಯಲ್ಲ. 2005ರ ಫೆಬ್ರವರಿ 6ರಂದು ಕೊಪ್ಪ ತಾಲ್ಲೂಕಿನ ಮೆಣಸಿನಹಾಡ್ಯದ ಬಳಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದ. ಅದೇ ತಿಂಗಳು ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಕೆಎಸ್‌ಆರ್‌ಪಿ ತುಕಡಿಯ ಮೇಲೆ ನಕ್ಸಲರು ರಾತ್ರಿ ಎರಗಿ ಪೊಲೀಸರನ್ನು ಕೊಂದರು. ಅವರ ಹೆಂಡತಿ ಮಕ್ಕಳ ಗೋಳನ್ನೂ ನಾವು ಕಂಡೆವು. 2007ರ ಜುಲೈಯಲ್ಲಿ ಅದೇ ಮೆಣಸಿನಹಾಡ್ಯದ ಒಂದು ಮನೆಯಲ್ಲಿ ಐವರು ಹತರಾದರು. ಅವರಲ್ಲಿ ಇಬ್ಬರು ಆ ಮನೆಯ ಆದಿವಾಸಿ ದಂಪತಿ. ಕಾಡಂಚಿನ ಮನೆಗೆ ಬಂದೂಕು ಹಿಡಿದವರು ಬಂದು ಅನ್ನ ಕೇಳಿದರೆ ಇಲ್ಲ ಅನ್ನುವ ಧೈರ್ಯ ಯಾರಿಗಿದೆ? ಆ ಮನೆಯಲ್ಲಿ ಉಂಡವರ ತಪ್ಪಿಗೆ ಬಡಿಸಿದವರು ಸಾಯಬೇಕಾದದ್ದು ಯಾಕೆ ಎಂಬ ಪ್ರಶ್ನೆಗೆ ಉತ್ತರ ಕೋರ್ಟಿನ ಕಟಕಟೆಯಲ್ಲಿ ಬರಬೇಕಿತ್ತು.

2014ರ ಏಪ್ರಿಲ್ 19ರದು ಇನ್ನೂ ನೇರವಾದ ಪ್ರಕರಣ. ಶೃಂಗೇರಿ ತಾಲ್ಲೂಕಿನ ತನಿಕೋಡು ಚೆಕ್‌ಪೋಸ್ಟ್ ಬಳಿ ಜಾನುವಾರು ಸಾಗಿಸುತ್ತಿದ್ದ ತಂಡದ ಒಬ್ಬ ಯುವಕ ನಕ್ಸಲ್ ನಿಗ್ರಹ ದಳದ ಸಿಬ್ಬಂದಿಯ ಗುಂಡಿಗೆ ಸತ್ತ. ಮಂಗಳೂರು ಹತ್ತಿರದ ಜೋಕಟ್ಟೆಯವನು. ನಕ್ಸಲರೆಂದುಕೊಂಡು ಹೊಡೆದದ್ದು ಎಂಬ ವಿವರಣೆ ಬಂತು. ಸರ್ಕಾರ ತನಿಖೆಯನ್ನು ಸಿಐಡಿಗೆ ಒಪ್ಪಿಸಿತು. ಊರೂರಿನಲ್ಲಿ ಎರಡು ಗುಂಪಾಯಿತು. ಅವನು ಸಾಗಿಸುತ್ತಿದ್ದದ್ದು ಏನು, ಅವನ ಧರ್ಮ ಯಾವುದು ಎಂಬುದರ ಸುತ್ತಲೇ ಮಾತು ಸುತ್ತಿತು. ಕಾನೂನಿನ ಪ್ರಶ್ನೆ ಅದಲ್ಲವೇ ಅಲ್ಲ. ಜಾನುವಾರು ಸಾಗಾಟದ ಅಪರಾಧಕ್ಕೆ ಮರಣದಂಡನೆಯಿಲ್ಲ, ಜೀವಾವಧಿಯೂ ಇಲ್ಲ. ಗುಂಡು ಹಾರಿಸಿದ ಆ ಕ್ಷಣ ಸಿಬ್ಬಂದಿಯ ಜೀವಕ್ಕೆ ನಿಜವಾದ ಅಪಾಯವಿತ್ತೇ ಎಂಬುದೊಂದೇ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರ ಭಾಷಣದಲ್ಲಿ ಸಿಗುವುದಿಲ್ಲ, ಹೆಣದ ಮೇಲೆ ಮತ್ತು ನೆಲದ ಮೇಲೆ ಸಿಗುತ್ತದೆ. ಗುಂಡು ಹೊಕ್ಕ ಗಾಯದ ಸುತ್ತ ಮಸಿ, ಸುಟ್ಟ ಗುರುತು, ಚರ್ಮದಲ್ಲಿ ಚುಚ್ಚಿಕೊಂಡ ಮದ್ದಿನ ಕಣಗಳಿದ್ದರೆ ಹತ್ತಿರದಿಂದ ಹೊಡೆದದ್ದು. ಗುಂಡು ಬೆನ್ನಿನಿಂದ ಹೊಕ್ಕು ಎದೆಯಲ್ಲಿ ಹೊರಬಿದ್ದಿದ್ದರೆ ಓಡುತ್ತಿದ್ದವನಿಗೆ ಹೊಡೆದಿರಬಹುದು. ಮೇಲಿನಿಂದ ಕೆಳಕ್ಕೆ ಇಳಿದಿದ್ದರೆ ಕೂತವನಿಗೋ ಬಿದ್ದವನಿಗೋ. ಸತ್ತವನೂ ಗುಂಡು ಹಾರಿಸಿದ ಎಂದಾದರೆ ಅವನ ಅಂಗೈ ಒರೆಸಿ ತೆಗೆದ ಹತ್ತಿಯಲ್ಲಿ ಮದ್ದಿನ ಶೇಷ ಸಿಗಬೇಕು, ಅವನ ಬಂದೂಕಿನ ಖಾಲಿ ತೋಟಾ ನೆಲದ ಮೇಲೆ ಸಿಗಬೇಕು, ಪೊಲೀಸರ ಕಡೆ ಮರಕ್ಕೋ ಗೋಡೆಗೋ ಅವನ ಗುಂಡು ತಾಕಿರಬೇಕು. ಸ್ಥಳ ಮಹಜರಿಗೆ ಸಹಿ ಹಾಕಿದ ಪಂಚರು ಯಾರು, ಅವರು ಅಲ್ಲಿಗೆ ಹೋಗಿದ್ದರೇ ಇಲ್ಲಾ ಠಾಣೆಯಲ್ಲೇ ಸಹಿ ಮಾಡಿದರೇ ಎಂಬುದನ್ನು ಕೇಳಬೇಕು. ಇವೆಲ್ಲ ಮೊದಲ ಎರಡು ಮೂರು ದಿನಗಳ ಮಾತು. ಒಂದು ಮಳೆ ಬಂದರೆ ನೆಲ ತೊಳೆದುಹೋಗುತ್ತದೆ, ಹೆಣ ಸುಟ್ಟರೆ ಎರಡನೇ ಪರೀಕ್ಷೆ ಸಾಧ್ಯವಿಲ್ಲ.

ನನ್ನ ಸೋದರಮಾವ ಕಡೂರು, ಬೀರೂರು, ಅಜ್ಜಂಪುರದ ಠಾಣೆಗಳಲ್ಲಿ ದುಡಿದು ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ಪೊಲೀಸರ ಮೇಲೆ ಕೇಸು ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಆದರೂ ಅವರೇ ನನಗೆ ಹೇಳಿದ ಮಾತಿದು: "ಬಂದೋಬಸ್ತ್‌ಗೆ ಕೊಟ್ಟ ತೋಟಾದಾಗೆ ಒಂದು ಕಮ್ಮಿ ಬಂದ್ರೆ, ಅದು ಎಲ್ಲಿ ಹೋತು, ಯಾಕೆ ಹೋತು ಅಂತ ಬರೆದುಕೊಡೋತನಕ ಮನೆಗೆ ಬಿಡ್ತಿರಲಿಲ್ಲ ಕಣಮ್ಮಾ." ತೋಟಾಕ್ಕೆ ಜವಾಬು ಕೇಳುವ ಇಲಾಖೆ ಜೀವಕ್ಕೂ ಕೇಳಲಿ ಅನ್ನುವುದು ಪೊಲೀಸ್ ದ್ವೇಷವಲ್ಲ ಎಂದು ನಾನು ಅವರಿಗೆ ಹೇಳುತ್ತಿದ್ದೆ. "ಸಾಹೇಬ್ರು ಹೊಡೀರಿ ಅಂದದ್ದಕ್ಕೆ ಹೊಡೆದೋನು ಜೈಲಿಗೆ, ಹೇಳಿದ ಸಾಹೇಬ್ರು ಮನೆಗೆ. ಅದನ್ನೂ ಬರಿ ನೀನು" ಅನ್ನುತ್ತಿದ್ದರು. ಬರೆಯುತ್ತಿದ್ದೇನೆ. ಯಾಕೆಂದರೆ ಆ ಮಾತಿಗೆ ನಮ್ಮ ಗಡಿಯಾಚೆಯೇ ಒಂದು ಸಾಕ್ಷಿಯಿದೆ.

ಕೊಡಗಿನ ಗಡಿಗೆ ಅಂಟಿಕೊಂಡ ವಯನಾಡಿನ ತಿರುನೆಲ್ಲಿಯಲ್ಲಿ 1970ರ ಫೆಬ್ರವರಿ 18ರಂದು ನಕ್ಸಲ್ ನಾಯಕ ಎ. ವರ್ಗೀಸ್ ಎನ್‌ಕೌಂಟರಿನಲ್ಲಿ ಸತ್ತ ಎಂದು ಪೊಲೀಸರು ಹೇಳಿದರು. 1998ರಲ್ಲಿ ರಾಮಚಂದ್ರನ್ ನಾಯರ್ ಎಂಬ ಕಾನ್‌ಸ್ಟೇಬಲ್ ಬಾಯಿಬಿಟ್ಟರು: ಅದು ಎನ್‌ಕೌಂಟರ್ ಅಲ್ಲ, ಹಿಡಿದ ಮೇಲೆ, ಮೇಲಧಿಕಾರಿಯ ಆಜ್ಞೆಗೆ ಹೆದರಿ, ನಾನೇ ಗುಂಡು ಹೊಡೆದೆ ಎಂದು. ಸಿಬಿಐ ತನಿಖೆಯಾಯಿತು. ನಾಯರ್ 2006ರಲ್ಲಿ ತೀರಿಕೊಂಡರು. 2010ರ ಅಕ್ಟೋಬರಿನಲ್ಲಿ, ಘಟನೆಯಾಗಿ 40 ವರ್ಷ ಕಳೆದ ಮೇಲೆ, ಆಜ್ಞೆ ಕೊಟ್ಟ ಕೆ. ಲಕ್ಷ್ಮಣ ಅವರಿಗೆ ಸಿಬಿಐ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು. ಅಷ್ಟರಲ್ಲಿ ಅವರು ಐಜಿ ಆಗಿ ನಿವೃತ್ತರಾಗಿದ್ದರು.

ಇನ್ನು ಜನರ ಮನಸ್ಸು. 2025ರ ಏಪ್ರಿಲ್ 13ರಂದು ಹುಬ್ಬಳ್ಳಿಯಲ್ಲಿ ಐದು ವರ್ಷದ ಮಗುವೊಂದರ ಕೊಲೆಯಾಯಿತು. ಆ ಮಗುವಿನ ಸುದ್ದಿ ಕೇಳಿ ನಾನೂ ಅತ್ತಿದ್ದೇನೆ. ಆರೋಪಿ ಬಿಹಾರದವನು, ಅವತ್ತೇ ಪೊಲೀಸರ ಗುಂಡಿಗೆ ಸತ್ತ. ತಪ್ಪಿಸಿಕೊಳ್ಳಲು ನೋಡಿದ, ನಮ್ಮ ಮೇಲೆ ಎರಗಿದ ಎಂಬುದು ಪೊಲೀಸರ ಹೇಳಿಕೆ. ಜನ ಜೈಕಾರ ಹಾಕಿದರು. ಮುಂದಿನ ದಿನಗಳಲ್ಲಿ ಲಿಂಗದಹಳ್ಳಿ ಕಡೆಯ ನನ್ನ ಕಕ್ಷಿದಾರರೊಬ್ಬರು, ವಯಸ್ಸಾದವರು, "ಒಳ್ಳೇದೇ ಆತು ಬಿಡಿ ಲಾಯರಮ್ಮ, ಕೋರ್ಟು ಕಚೇರಿ ಅಂತ ಇಪ್ಪತ್ತು ವರ್ಷ ಯಾರು ಅಲೀತಾರೆ" ಅಂದರು. ಅವರ ಜಮೀನಿನ ವ್ಯಾಜ್ಯ ಅವರ ತಂದೆಯ ಕಾಲದ್ದು. ಆ ಸಿಟ್ಟಿಗೆ ಕಾರಣ ಇದೆ, ಅದಕ್ಕೆ ನಮ್ಮ ವ್ಯವಸ್ಥೆಯೇ ಹೊಣೆ. ಆದರೆ ನಾನು ಅವರನ್ನು ಕೇಳಿದೆ: "ಯಜಮಾನ್ರೇ, ಅವನೇ ಮಾಡಿದ್ದು ಅಂತ ನಿಮಗೆ ಹೇಳಿದವರು ಯಾರು?" ಪೊಲೀಸರು ಅಂದರು. "ನಿಮ್ಮ ಮೇಲೆ ಸುಳ್ಳು ಕೇಸು ಹಾಕಿದ್ದಾರೆ ಅಂತ ನನ್ನ ಹತ್ರ ಬಂದಿದ್ದು ಯಾರ ವಿರುದ್ಧ?" ಸುಮ್ಮನಾದರು. ಆ ಎನ್‌ಕೌಂಟರ್ ವಿಷಯವನ್ನು ಪಿಯುಸಿಎಲ್ ಹೈಕೋರ್ಟಿಗೆ ಒಯ್ದಿತು. 2014ರ ಸೂಚನೆಗಳಂತೆ ನಡೆಯಬೇಕು, ಹೆಣವನ್ನು ಸುಡಬಾರದು ಎಂಬುದು ಕೋರ್ಟಿನಲ್ಲಿ ದಾಖಲಾಯಿತು, ತನಿಖೆ ಸಿಐಡಿ ಕೈಗೆ ಹೋಯಿತು. ಅವನು ಪೊಲೀಸರ ವಶದಲ್ಲಿದ್ದಾಗ ಸತ್ತವನು. ಅಂಥ ಸಾವಿಗೆ ಕಂದಾಯ ಅಧಿಕಾರಿಯ ವಿಚಾರಣೆ ಸಾಲದು, ನ್ಯಾಯಾಂಗ ಮ್ಯಾಜಿಸ್ಟ್ರೇಟರೇ ವಿಚಾರಣೆ ನಡೆಸಬೇಕು.

2019ರ ಡಿಸೆಂಬರಿನಲ್ಲಿ ಹೈದರಾಬಾದ್ ಹೊರವಲಯದ ಚಟಾನ್‌ಪಲ್ಲಿಯಲ್ಲಿ ಪಶುವೈದ್ಯೆಯ ಅತ್ಯಾಚಾರ, ಕೊಲೆ ಆರೋಪಿಗಳು ನಾಲ್ವರು ಹೀಗೆಯೇ ಸತ್ತಾಗಲೂ ಹೂವಿನ ಮಳೆಯಾಗಿತ್ತು. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗ ಹೇಳಿದ್ದು ಬೇರೆ: ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ನಾಲ್ವರಲ್ಲಿ ಮೂವರು ಅಪ್ರಾಪ್ತರು, ಹತ್ತು ಪೊಲೀಸರು ಕೊಲೆ ವಿಚಾರಣೆ ಎದುರಿಸಬೇಕು.

ವಿಚಾರಣೆ ಅಂದ ತಕ್ಷಣ ಇನ್ನೊಂದು ಬಾಗಿಲು ಅಡ್ಡ ಬರುತ್ತದೆ. ಕರ್ತವ್ಯದ ಸಂಬಂಧ ಮಾಡಿದ ಕೃತ್ಯಕ್ಕೆ ಸರ್ಕಾರಿ ನೌಕರನ ಮೇಲೆ ಕೋರ್ಟು ಕ್ರಮ ತೆಗೆದುಕೊಳ್ಳಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ನಮ್ಮ ರಾಜ್ಯದಲ್ಲಿ ಅದರ ಮೇಲೆ 1963ರ ಕರ್ನಾಟಕ ಪೊಲೀಸ್ ಕಾಯಿದೆಯ 170ನೇ ಸೆಕ್ಷನ್ನೂ ಇದೆ. 2020ರ ಜೂನ್‌ನಲ್ಲಿ ಬೆಂಗಳೂರಿನದೇ ಒಂದು ಪ್ರಕರಣದಲ್ಲಿ, ಡಿ. ದೇವರಾಜ ತೀರ್ಪಿನಲ್ಲಿ, ಸುಪ್ರೀಂ ಕೋರ್ಟ್ ಹೇಳಿತು: ಅಧಿಕಾರ ಮೀರಿ ನಡೆದಿದ್ದರೂ ಕೃತ್ಯಕ್ಕೂ ಕರ್ತವ್ಯಕ್ಕೂ ಸಹಜ ನಂಟಿದ್ದರೆ ಅನುಮತಿ ಬೇಕು. ನಕಲಿ ಎನ್‌ಕೌಂಟರ್ ಕರ್ತವ್ಯದ ಭಾಗವೇ ಅಲ್ಲ, ಅದಕ್ಕೆ ಅನುಮತಿ ಬೇಡ ಎಂದೂ ಬೇರೆ ತೀರ್ಪುಗಳಲ್ಲಿ ಅದೇ ಕೋರ್ಟ್ ಹೇಳಿದೆ. ನಕಲಿಯೋ ಅಸಲಿಯೋ ಎಂದು ತಿಳಿಯಲು ವಿಚಾರಣೆ ಬೇಕು, ವಿಚಾರಣೆಗೆ ಅನುಮತಿ ಬೇಕು: ಈ ಸುತ್ತಿನಲ್ಲಿ ವರ್ಷಗಳು ಸವೆಯುತ್ತವೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಸೆಕ್ಷನ್ ಒಂದು ಒಳ್ಳೆಯ ಕೆಲಸ ಮಾಡಿದೆ. ಅನುಮತಿ ಕೋರಿಕೆ ಬಂದ 120 ದಿನದೊಳಗೆ ಸರ್ಕಾರ ತೀರ್ಮಾನಿಸದಿದ್ದರೆ ಅನುಮತಿ ಕೊಟ್ಟಂತೆಯೇ ಲೆಕ್ಕ. ಅದೇ ಸಂಹಿತೆ ಇನ್ನೊಂದು ಕೈಯಲ್ಲಿ ಕಿತ್ತುಕೊಂಡಿದೆ. ಸರ್ಕಾರಿ ನೌಕರನ ವಿರುದ್ಧದ ಖಾಸಗಿ ಫಿರ್ಯಾದಿನಲ್ಲಿ ಮ್ಯಾಜಿಸ್ಟ್ರೇಟರು ಮೊದಲು ಅವನ ಮೇಲಧಿಕಾರಿಯ ವರದಿ ತರಿಸಿ, ಅವನ ಮಾತನ್ನೂ ಕೇಳಬೇಕು ಎನ್ನುತ್ತದೆ. ಮೇಲಧಿಕಾರಿಯ ವರದಿ ತರಿಸುವ ಈ ಅನುಕೂಲ ಬೇರೆ ಯಾವ ಕೊಲೆ ಆರೋಪಿಗೂ ಇಲ್ಲ.

ಪೊಲೀಸರನ್ನು ಕಟಕಟೆಗೆ ತಂದರೆ ಅವರ ಕೈ ಕಟ್ಟಿಹಾಕಿದಂತೆ ಎಂಬ ವಾದವನ್ನು ಲಂಡನ್ನಿನ ಒಂದು ಪ್ರಕರಣದ ಮುಂದಿಟ್ಟು ನೋಡಬೇಕು. 2022ರ ಸೆಪ್ಟೆಂಬರಿನಲ್ಲಿ ಅಲ್ಲಿ ಕ್ರಿಸ್ ಕಾಬಾ ಎಂಬ ಯುವಕ ಪೊಲೀಸರ ಗುಂಡಿಗೆ ಸತ್ತ. ಪೊಲೀಸರಿಂದ ಪ್ರತ್ಯೇಕವಾದ ಸಂಸ್ಥೆ ತನಿಖೆ ಮಾಡಿತು, ವರ್ಷದಲ್ಲಿ ಅಧಿಕಾರಿಯ ಮೇಲೆ ಕೊಲೆ ಆರೋಪ ಹೊರಿಸಲಾಯಿತು. 2024ರ ಅಕ್ಟೋಬರಿನಲ್ಲಿ ಜ್ಯೂರಿ ಅವರನ್ನು ನಿರ್ದೋಷಿ ಎಂದು ಬಿಟ್ಟಿತು. ಎರಡು ವರ್ಷದ ಆಸುಪಾಸಿನಲ್ಲಿ ಕೊಲೆ ವಿಚಾರಣೆ ಮುಗಿಯಿತು. ತಪ್ಪಿಲ್ಲದ ಪೊಲೀಸನಿಗೂ ಅನುಮಾನ ತೊಳೆದುಕೊಳ್ಳಲು ಇರುವ ದಾರಿ ಇದೇ. ನಮ್ಮಲ್ಲಿ 2024ರ ನವೆಂಬರ್ 18ರಂದು ಹೆಬ್ರಿ ತಾಲ್ಲೂಕಿನ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಸತ್ತಾಗ ಪ್ರಗತಿಪರ ಸಂಘಟನೆಗಳು ನ್ಯಾಯಾಂಗ ತನಿಖೆ ಕೇಳಿದವು, ಗೃಹ ಸಚಿವರು ಪೊಲೀಸರನ್ನು ಸಮರ್ಥಿಸಿಕೊಂಡರು. 51 ದಿನಗಳ ಬಳಿಕ, 2025ರ ಜನವರಿ 8ರಂದು, ಶೃಂಗೇರಿ ಸೀಮೆಯ ಮುಂಡಗಾರು ಲತಾ ಸೇರಿ ಆರು ಮಂದಿ ನಕ್ಸಲರು ಮುಖ್ಯಮಂತ್ರಿಯ ಮುಂದೆ ಶರಣಾದರು. ಬದುಕಿರುವುದರಿಂದ ಅವರ ಮೇಲಿನ ಆರೋಪಗಳಿಗೆಲ್ಲ ಕೋರ್ಟಿನಲ್ಲಿ ವಿಚಾರಣೆ ಸಾಧ್ಯ.

ಒಂದು ಮನೆಗೆ ಇಂಥ ಸಾವು ಬಂದರೆ ಏನು ಮಾಡಬೇಕು ಎಂಬುದನ್ನು ಬರೆದು ಮುಗಿಸುತ್ತೇನೆ. ಮುಂಬೈಯಲ್ಲಿ 2006ರ ನವೆಂಬರ್ 11ರಂದು ಲಖನ್ ಭಯ್ಯಾ ಎಂಬವನನ್ನು ಪೊಲೀಸರು ಎತ್ತಿಕೊಂಡು ಹೋದಾಗ ವಕೀಲನಾಗಿದ್ದ ಅವನ ಸೋದರ ಅವತ್ತೇ ಅಧಿಕಾರಿಗಳಿಗೆ ಟೆಲಿಗ್ರಾಂ, ಫ್ಯಾಕ್ಸ್ ಕಳಿಸಿದ್ದರು. ಸಂಜೆಗೆ ಅವನು ಎನ್‌ಕೌಂಟರಿನಲ್ಲಿ ಸತ್ತ ಎಂದು ಘೋಷಣೆಯಾಯಿತು. 2013ರಲ್ಲಿ 13 ಪೊಲೀಸರಿಗೆ, 2024ರ ಮಾರ್ಚ್‌ನಲ್ಲಿ ಹೈಕೋರ್ಟಿನಿಂದ ಪೊಲೀಸ್ ಅಧಿಕಾರಿ ಪ್ರದೀಪ್ ಶರ್ಮಾಗೆ ಶಿಕ್ಷೆಯಾಗಲು ಆ ಹೊತ್ತು ನಮೂದಾದ ಕಾಗದಗಳು ಬಹಳ ಸಹಾಯ ಮಾಡಿದವು. ಹಾಗಾಗಿ ಯಾರನ್ನಾದರೂ ಕರೆದುಕೊಂಡು ಹೋದರೆಂದು ಗೊತ್ತಾದ ಗಳಿಗೆಯಲ್ಲೇ ಎಸ್‌ಪಿಗೆ ಬರೆದು ಕಳಿಸಿ, ಮೊಬೈಲಿನ ಸಂದೇಶವಾದರೂ ಸರಿ, ಹೊತ್ತು ದಾಖಲಾಗಲಿ. ಸಾವಾಗಿದ್ದರೆ ಪೊಲೀಸರ ಎಫ್‌ಐಆರ್ ಆಗಲೇ ಇದೆ ಎಂದು ಸುಮ್ಮನಿರಬೇಡಿ. ನಿಮ್ಮದೇ ದೂರು ಬರೆದುಕೊಡಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಸ್ಪೀಡ್ ಪೋಸ್ಟಿನಲ್ಲಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ. ಹೆಣವನ್ನು ಸುಡುವ ಮೊದಲು ಮರಣೋತ್ತರ ಪರೀಕ್ಷೆಯ ವಿಡಿಯೊ ಆಗಿದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಬಿ ರಿಪೋರ್ಟ್ ಬಂದರೆ ನನಗೂ ತಿಳಿಸಬೇಕು ಎಂದು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಮೊದಲೇ ಒಂದು ಅರ್ಜಿ ಹಾಕಿಡಿ. 2014ರ ಸೂಚನೆಗಳು ಪಾಲನೆಯಾಗಿಲ್ಲ ಎನಿಸಿದರೆ ಜಿಲ್ಲೆಯ ಸೆಷನ್ಸ್ ನ್ಯಾಯಾಧೀಶರಿಗೆ ನೇರವಾಗಿ ದೂರು ಕೊಡುವ ಹಕ್ಕು ಕುಟುಂಬಕ್ಕಿದೆ. ಅರ್ಜಿ ಕನ್ನಡದಲ್ಲೇ ಇರಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ವಕೀಲರ ಫೀಸಿಲ್ಲ. ತಾಲ್ಲೂಕು ಕೋರ್ಟಿನಲ್ಲೇ ಇರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿದರೆ ವಕೀಲರನ್ನು ಕೊಡುತ್ತಾರೆ.